ಬಾಯಿಪಾಠವೂ ಎಣಿಕೆಯೂ

ಮೂರು ವರ್ಷದ ಮಗು ‘ಒಂದು, ಎರಡು, ಮೂರು’ ಎಂದು ಹತ್ತರವರೆಗೆ ಒಪ್ಪಿಸಿದಾಗ ನಾವು ಹಿಗ್ಗುವುದು ಸಹಜವೇ. ಆದರೆ ಅದೇ ಮಗುವಿನ ಮುಂದೆ ಐದು ಹುಣಿಸೆಬೀಜಗಳನ್ನಿಟ್ಟು ಎಣಿಸಹೇಳೋಣ. ಅದು ಒಂದೊಂದನ್ನೂ ಮುಟ್ಟಿ ಐದರವರೆಗೆ ತಪ್ಪಿಲ್ಲದೆ ಎಣಿಸೀತು. ಬಳಿಕ ‘ಒಟ್ಟು ಎಷ್ಟಿವೆ?’ ಎಂದು ಕೇಳಿದರೆ, ‘ಐದು’ ಎನ್ನುವುದರ ಬದಲು ಮತ್ತೆ ಮೊದಲಿನಿಂದ ಎಣಿಸತೊಡಗುವುದುಂಟು. ಇದು ದಡ್ಡತನವಲ್ಲ. ಸಂಖ್ಯೆಗಳ ಹೆಸರು ಬರುವುದು ಬೇರೆ, ಸಂಖ್ಯೆಯ ಅರಿವು ಬೇರೆ ಎಂಬುದಕ್ಕೆ ಇದೇ ಸಾಕ್ಷಿ.

ಎಣಿಕೆಯು ನಮಗೆ ಅತಿ ಸರಳವೆಂದು ತೋರಿದರೂ ಅದರಲ್ಲಿ ಹಲವು ತತ್ತ್ವಗಳು ಅಡಗಿವೆ. ರೋಚೆಲ್ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ಮನೋವಿಜ್ಞಾನಿಗಳು 1978ರಲ್ಲಿ ಇವನ್ನು ವಿಂಗಡಿಸಿ ತೋರಿಸಿದರು. ಒಂದು ವಸ್ತುವಿಗೆ ಒಂದೇ ಹೆಸರು ಸಲ್ಲಬೇಕು. ಹೆಸರುಗಳ ಅನುಕ್ರಮ ಬದಲಾಗಕೂಡದು. ಕೊನೆಯಲ್ಲಿ ನುಡಿದ ಹೆಸರೇ ಗುಂಪಿನ ಮೊತ್ತವನ್ನು ಸೂಚಿಸುವುದು. ಎಣಿಸುವುದು ಬೀಜವನ್ನಾಗಲಿ, ಚಪ್ಪಾಳೆಯನ್ನಾಗಲಿ, ಈ ನಿಯಮಗಳು ಒಂದೇ. ಎಡದಿಂದ ಎಣಿಸಿದರೂ ಬಲದಿಂದ ಎಣಿಸಿದರೂ ಮೊತ್ತ ಒಂದೇ. ಇವುಗಳಲ್ಲಿ ಮೊತ್ತದ ತತ್ತ್ವವೇ ಕೂಡುವ, ಕಳೆಯುವ ಲೆಕ್ಕಗಳಿಗೆಲ್ಲ ಅಡಿಗಲ್ಲು.

ಮಗುವಿಗೆ ಇದು ತಿಳಿದಿದೆಯೇ ಎಂದು ಪರೀಕ್ಷಿಸುವುದು ಸುಲಭ. ‘ಮೂರು ಬೀಜ ಕೊಡು’ ಎಂದು ಕೇಳಬೇಕು. ‘ಒಂದು’, ‘ಎರಡು’ ಎಂದಾಗ ಸರಿಯಾಗಿ ಕೊಟ್ಟ ಮಗು ‘ಮೂರು’ ಎಂದೊಡನೆ ಒಂದು ಹಿಡಿಯನ್ನೇ ಮುಂದಿಡಬಹುದು. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಏರಲು ತಿಂಗಳುಗಳೇ ಹಿಡಿಯುವುವು. ಈ ಅವಧಿಯಲ್ಲಿ ಗದರಿಸಿದರೆ ಲೆಕ್ಕ ಬೇಗ ಬಾರದು. ಲೆಕ್ಕದ ಭಯ ಮಾತ್ರ ಉಳಿದೀತು.

ಹಾಗಾದರೆ ನಾವು ಮಾಡಬೇಕಾದುದೇನು? ಎಣಿಸಿದ ಮೇಲೆ ‘ಒಂದು, ಎರಡು, ಮೂರು, ಮೂರು ಬಾಳೆಹಣ್ಣು’ ಎಂದು ಮೊತ್ತವನ್ನು ಬಿಡಿಸಿ ಹೇಳಬೇಕು. ಊಟಕ್ಕೆ ಕೂರುವವರಿಗೆಲ್ಲ ಒಂದೊಂದು ಲೋಟ ಇಡುವ ಕೆಲಸವನ್ನು ಮಗುವಿಗೇ ವಹಿಸಬೇಕು. ಆಟವೂ ಪಾಠವೇ. ಸೀಗ್ಲರ್ ಮತ್ತು ರಮಣಿ ಎಂಬ ಸಂಶೋಧಕರು ಅಮೆರಿಕದ ಬಡ ಕುಟುಂಬಗಳ ಮಕ್ಕಳಿಗೆ, 1ರಿಂದ 10ರವರೆಗೆ ಸಾಲಾಗಿ ಮನೆಗಳನ್ನು ಬರೆದ ಹಲಗೆಯ ಆಟವನ್ನು ಒಟ್ಟು ಒಂದು ಗಂಟೆಯಷ್ಟು ಕಾಲ ಆಡಿಸಿದರು. ಸಂಖ್ಯೆಗಳ ಹಿರಿದು-ಕಿರಿದನ್ನು ಅಂದಾಜು ಮಾಡುವುದರಲ್ಲಿ ಆ ಮಕ್ಕಳು ಅನುಕೂಲಸ್ಥರ ಮಕ್ಕಳಿಗೆ ಸಮನಾದರೆಂದು 2008ರಲ್ಲಿ ಪ್ರಕಟಿಸಿದರು. ಸಂಖ್ಯೆಗಳ ಬದಲು ಬಣ್ಣಗಳಿದ್ದ ಹಲಗೆಯಲ್ಲಿ ಆಡಿದವರಿಗೆ ಈ ಲಾಭ ದೊರೆಯಲಿಲ್ಲ.

ಹತ್ತು ದಾಟಿದ ಮೇಲೆ ನಮ್ಮ ಭಾಷೆಯೇ ನೆರವಿಗೆ ಬರುವುದು. ‘ಇಪ್ಪತ್ತೊಂದು’ ಎಂಬಲ್ಲಿ ಇಪ್ಪತ್ತೂ ಒಂದೂ ಕಿವಿಗೆ ಸ್ಪಷ್ಟ. ‘ಹದಿಮೂರು’ ಎಂಬಲ್ಲಿ ಹತ್ತು ತುಸು ಮರೆಯಾಗಿದೆ. ಹತ್ತು ಕಡ್ಡಿಗಳ ಒಂದು ಕಟ್ಟನ್ನೂ ಮೂರು ಬಿಡಿ ಕಡ್ಡಿಗಳನ್ನೂ ಕೈಗಿತ್ತರೆ ಆ ಮರೆ ಸರಿಯುವುದು.

ಮಗ್ಗಿಗೂ ತಕ್ಕ ಕಾಲ ಬರುವುದು. ಅಲ್ಲಿಯವರೆಗೆ ಮಗು ಬೆರಳು ಮಡಿಚಿ ಎಣಿಸುತ್ತಿದ್ದರೆ ತಡೆಯಬೇಕಾಗಿಲ್ಲ, ‘ಎಷ್ಟಾಯಿತು?’ ಎಂದು ಕೇಳಿದರೆ ಸಾಕು.