ದನದ ಕಾವಲು, ಜಿಂಕೆಯ ಪಾಲು

ಕಡೂರು ತಾಲ್ಲೂಕಿನ ಬಾಸೂರು ಅಮೃತ್ ಮಹಲ್ ಕಾವಲು ಸಂರಕ್ಷಣಾ ಮೀಸಲು ಎಂದು ಘೋಷಣೆಯಾದದ್ದು 2011ರಲ್ಲಿ. 7.36 ಚದರ ಕಿಲೋಮೀಟರ್, ಅಂದರೆ ಸುಮಾರು 1,800 ಎಕರೆ. ಕೃಷ್ಣಮೃಗ ಮೇಯುವ, ತೋಳ ಸುಳಿದಾಡುವ ಈ ಬಯಲು ಅಲ್ಲಿಯವರೆಗೆ ಉಳಿದು ಬಂದದ್ದು ಮಾತ್ರ ದನಗಳ ಪುಣ್ಯದಿಂದ.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಹಾಲು–ಬೆಣ್ಣೆಗಾಗಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯಿತ್ತು. ಅದರ ದನಗಳಿಗೆಂದೇ ಕಾವಲು ಎಂಬ ಮೇವಿನ ಬಯಲುಗಳಿದ್ದವು. ಹೈದರಾಲಿಗೆ ಬೇಕಾಗಿದ್ದದ್ದು ಬೆಣ್ಣೆಯಲ್ಲ, ಫಿರಂಗಿ ಎಳೆಯುವ ಎತ್ತು. ಚಿದಂಬರದ ನೆರವಿಗೆ ಅವನ ಸೈನ್ಯ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿದ್ದು ಈ ಎತ್ತುಗಳ ಬಲದಿಂದಲೇ. ಬೆಣ್ಣೆ ಚಾವಡಿಗೆ ‘ಅಮೃತ್ ಮಹಲ್’ ಎಂದು ಹೆಸರಿಟ್ಟವನು ಟಿಪ್ಪು. 1799ರ ನಂತರ ಬ್ರಿಟಿಷರೂ ಹಿಂಡನ್ನು ತಮ್ಮ ಸೈನ್ಯಕ್ಕೆ ಇಟ್ಟುಕೊಂಡರು. 1860ರಲ್ಲಿ ಖರ್ಚು ಉಳಿಸಲೆಂದು ಅದನ್ನು ಚದುರಿಸಿ, ಕೆಲವೇ ವರ್ಷಗಳಲ್ಲಿ ಮತ್ತೆ ಕಟ್ಟಿದರು. ಸರ್ಕಾರಿ ಉಳಿತಾಯದ ಲೆಕ್ಕ ಆಗಲೂ ಹೀಗೇ ಇತ್ತು!

ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಕಾವಲುಗಳನ್ನು ವಿಂಗಡಿಸಿದ್ದರು. ಹಿಂಡು ಮುಂದಕ್ಕೆ ಹೋದರೆ ಹಿಂದಿನ ಹುಲ್ಲಿಗೆ ಚಿಗುರಲು, ಬೀಜ ಕಟ್ಟಲು ಬಿಡುವು ಸಿಗುತ್ತಿತ್ತು. ನೇಗಿಲು ಬೀಳದ ಆ ನೆಲದಲ್ಲಿ ಕೃಷ್ಣಮೃಗಕ್ಕೆ ಬೇಕಾದದ್ದೆಲ್ಲ ಇತ್ತು: ಮೇವು, ದೂರದಲ್ಲೇ ವೈರಿ ಕಾಣುವ ಬಯಲು, ಅಡ್ಡಿಯಿಲ್ಲದ ಓಟ.

ಎತ್ತಿನ ಜಾಗಕ್ಕೆ ಲಾರಿ, ಟ್ರ್ಯಾಕ್ಟರ್ ಬಂದವು. ಕಾವಲು ಕಡತದಲ್ಲಿ ಬರಿಯ ಖಾಲಿ ಜಮೀನಾಯಿತು. ಒಂದಿಷ್ಟು ಸಾಗುವಳಿಗೆ ಹೋಯಿತು, ಇನ್ನೊಂದಿಷ್ಟು ನೆಡುತೋಪಿಗೆ. ಮರವಿದ್ದರಷ್ಟೇ ಹಸಿರು ಎಂಬ ನಂಬಿಕೆ ಹುಲ್ಲಿಗೆ ಮಾಡಿದ ಕೇಡು ಕೊಡಲಿಗಿಂತ ಕಡಿಮೆಯದಲ್ಲ ಎಂದೇ ನನ್ನ ಅಭಿಪ್ರಾಯ. ಚಳ್ಳಕೆರೆಯ ಕಾವಲುಗಳಲ್ಲಂತೂ ಸುಮಾರು 10,000 ಎಕರೆ ರಕ್ಷಣಾ, ಅಣುಶಕ್ತಿ, ಬಾಹ್ಯಾಕಾಶ ಮುಂತಾದ ಸಂಸ್ಥೆಗಳ ಪಾಲಾಯಿತು.

ಬಾಸೂರಿಗೆ ದಾರಿಯಾದದ್ದು 1972ರ ವನ್ಯಜೀವಿ ಕಾಯ್ದೆಗೆ 2002ರಲ್ಲಿ ಬಂದ ತಿದ್ದುಪಡಿ. ಸುತ್ತಲಿನ ಜನರೊಂದಿಗೆ ಸಮಾಲೋಚಿಸಿ ಸರ್ಕಾರಿ ಜಮೀನನ್ನು ಸಂರಕ್ಷಣಾ ಮೀಸಲು ಮಾಡಲು, ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗೂ ಜಾಗ ಕೊಡಲು ಅದು ಅವಕಾಶ ಮಾಡಿತು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ 798 ಎಕರೆ 2007ರಲ್ಲಿ ಜಯಮಂಗಲಿ ಮೀಸಲಾದದ್ದೂ ಇದೇ ದಾರಿಯಲ್ಲಿ.

ಹಾಗೆಂದು ಬೋರ್ಡು ನೆಟ್ಟರೆ ಕಾವಲು ತಾನೇ ಉಳಿಯುವುದಿಲ್ಲ. ದನ ಅತಿಯಾಗಿ ಮೇದರೆ ನೆಲ ಬೋಳಾಗುತ್ತದೆ. ಮೇಯಿಸುವುದು ಪೂರ್ತಿ ನಿಂತರೆ ಪೊದೆ ಏಳಬಹುದು. ಬಳ್ಳಾರಿ ಜಾಲಿ ಎಂಬ ಮುಳ್ಳುಗಿಡದ್ದು ಬೇರೆಯೇ ತಕರಾರು. ಅದರ ಸಿಹಿ ಕಾಯಿ ತಿಂದು ಹಿಕ್ಕೆಯ ಜೊತೆ ಬೀಜ ಹರಡುವ ಪ್ರಾಣಿಗಳಲ್ಲಿ ಕೃಷ್ಣಮೃಗವೂ ಒಂದು. ಸಸಿಯಿದ್ದಾಗಲೇ ಕೀಳದಿದ್ದರೆ ಆಮೇಲೆ ಜೆಸಿಬಿ ತರಿಸಬೇಕಾಗುತ್ತದೆ.