ಮಕ್ಕಳ ಹೆಜ್ಜೆಗೆ ಒದಗುವ ದಾರಿಗಳು

ಮೈಸೂರು ಸೀಮೆಯಲ್ಲಿ ಮಕ್ಕಳನ್ನು ಕರೆದುಕೊಂಡು ನಡೆಯಲು ಹೊರಡುವವರು ಸಾಮಾನ್ಯವಾಗಿ ಬೆಟ್ಟವನ್ನೇ ಹುಡುಕುತ್ತಾರೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು, ಇಲ್ಲವೇ ಪಾಂಡವಪುರದ ಕುಂತಿ ಬೆಟ್ಟ. ದೊಡ್ಡವರಿಗೆ ಅದು ಸರಿ. ಐದಾರು ವರ್ಷದ ಮಗುವಿಗೆ ಬೆಟ್ಟವೆಂದರೆ ಒಂದೇ ಕೆಲಸ, ಹತ್ತುವುದು. ನಡುವೆ ನಿಂತು ಇರುವೆ ಸಾಲನ್ನು ನೋಡಿದರೆ ಹಿಂದಿನವರು ಬೇಗ ನಡಿ ಎನ್ನುತ್ತಾರೆ. ಮಗುವಿಗೆ ಬೇಕಾದದ್ದು ನಿಲ್ಲಲು ಬಿಡುವ ದಾರಿ. ಕಪಿಲೆ (ಕಬಿನಿ) ಮತ್ತು ಕಾವೇರಿಯ ನಡುವೆ, ನಂಜನಗೂಡಿನಿಂದ ತಿರುಮಕೂಡಲು ನರಸೀಪುರದವರೆಗೆ ಹಬ್ಬಿದ ಬಯಲಿನಲ್ಲಿ ಅಂಥ ದಾರಿಗಳು ಬೇಕಾದಷ್ಟಿವೆ. ಭತ್ತದ ಗದ್ದೆ, ಕಬ್ಬು, ತೆಂಗು, ನಾಲೆ, ಹೊಳೆ, ಮರಳು, ಹಳೆಯ ಕಲ್ಲಿನ ಗುಡಿ ಎಲ್ಲವೂ ಒಂದರ ಹಿಂದೆ ಒಂದು ಬರುತ್ತವೆ. ಏರು ಕಡಿಮೆ, ನೋಡುವುದು ಹೆಚ್ಚು.

ಕುಟುಂಬದ ನಡಿಗೆಗೆ ಹೆಸರಾದ ನಾಡು ಬ್ರಿಟನ್ನಿನ ವೇಲ್ಸ್. ಅಲ್ಲಿ ಖಾಸಗಿ ಹೊಲಗಳ ನಡುವೆ ಹಾದುಹೋಗುವ ಕಾಲುದಾರಿಗಳಿಗೂ ಕಾನೂನಿನ ರಕ್ಷಣೆಯಿದೆ. ರೈತನ ಜಮೀನಿನಲ್ಲಿ ಅಂಥ ದಾರಿ ಇದ್ದರೆ ಯಾರು ಬೇಕಾದರೂ ನಡೆಯಬಹುದು. 2012ರಲ್ಲಿ ಆ ನಾಡಿನ ಕಡಲ ಅಂಚಿನುದ್ದಕ್ಕೂ 870 ಮೈಲಿಯ ಕಾಲುದಾರಿಯನ್ನು ತೆರೆದರು. ನಮ್ಮಲ್ಲಿ ಅಂಥದ್ದು ಏನೂ ಇಲ್ಲ ಎಂದುಕೊಳ್ಳುವವರು ಕಂದಾಯ ಇಲಾಖೆಯ ಗ್ರಾಮ ನಕ್ಷೆಯನ್ನೊಮ್ಮೆ ಬಿಡಿಸಿ ನೋಡಬೇಕು. ಒಂಟಿ ಚುಕ್ಕೆ ಗೆರೆ ಕಾಲುದಾರಿ, ಜೋಡಿ ಚುಕ್ಕೆ ಗೆರೆ ಬಂಡಿದಾರಿ. ಊರವರು ಇವನ್ನೇ ನಕಾಶೆ ದಾರಿ ಎನ್ನುತ್ತಾರೆ. ಊರಿನಿಂದ ಹೊಳೆಗೆ, ಹೊಳೆಯಿಂದ ಗುಡಿಗೆ, ಗುಡಿಯಿಂದ ಪಕ್ಕದ ಊರಿಗೆ ಅಜ್ಜಂದಿರು ತುಳಿದ ದಾರಿಗಳು ಅಲ್ಲಿ ಅಚ್ಚಾಗಿವೆ. ಎಷ್ಟೋ ಕಡೆ ಅವು ಒತ್ತುವರಿಯಾಗಿವೆ, ಕೆಲವನ್ನು ಜಾಲಿ ಮುಚ್ಚಿದೆ. ಆದರೂ ಸರ್ಕಾರದ ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರು ಫೋನಿನಲ್ಲೇ ಸಿಗುತ್ತದೆ. ಅದಕ್ಕಿಂತ ಸುಲಭದ ಉಪಾಯ ಗದ್ದೆಯಲ್ಲಿ ಕೆಲಸ ಮಾಡುತ್ತಿರುವವರನ್ನು ಕೇಳುವುದು. "ಅಣ್ಣಾ, ಇದು ಹೊಳೆಗೆ ಹೋಯ್ತದಾ?" ಎಂದರೆ ದಾರಿಯ ಜೊತೆಗೆ ಯಾವ ಬದು ಜಾರುತ್ತದೆ, ಯಾರ ಮನೆಯ ನಾಯಿ ಬೊಗಳುತ್ತದೆ ಎಂಬುದನ್ನೂ ಹೇಳುತ್ತಾರೆ. ನಕಾಶೆಯಲ್ಲಿ ದಾರಿಯಿದ್ದರೂ ನಾಟಿ ಮಾಡಿದ ಗದ್ದೆಯ ಹಸಿ ಬದುವಿನ ಮೇಲೆ ಮಕ್ಕಳನ್ನು ಓಡಾಡಿಸಬಾರದು. ಆ ಬದು ಒಡೆದರೆ ರೈತನ ನೀರು ಹೋಗುತ್ತದೆ.

ಮೊದಲ ನಡಿಗೆ ನಂಜನಗೂಡಿನಲ್ಲೇ ಆಗಲಿ. ಮೈಸೂರಿನಿಂದ ಚಾಮರಾಜನಗರದ ರೈಲು ಹತ್ತಿ ನಂಜನಗೂಡು ಟೌನ್ ನಿಲ್ದಾಣದಲ್ಲಿ ಇಳಿದರೆ ಅರ್ಧ ದಿನ ಸಾಕು. ಶ್ರೀಕಂಠೇಶ್ವರನ ಏಳು ನೆಲೆಯ ಗೋಪುರ ಸುಮಾರು 120 ಅಡಿ ಎತ್ತರವಿದೆ. ಸುತ್ತಲ ಬಯಲಿಗೆ ಅದೇ ಗುರುತು. ಬಂದ ದೂರವನ್ನು ಮಗು ಹಿಂದಿರುಗಿ ತಾನೇ ನೋಡಿ ಅಳೆಯಬಹುದು. ಗುಡಿಯಿಂದ ಸ್ನಾನಘಟ್ಟಕ್ಕೆ ಇಳಿದರೆ ಹದಿನಾರು ಕಾಲು ಮಂಟಪ ಸಿಗುತ್ತದೆ. ಬೀಚನಹಳ್ಳಿಯ ಕಬಿನಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಈ ಮಂಟಪ ಮುಳುಗುತ್ತದೆ. ಹೊಳೆ ಎಷ್ಟು ಏರಿದೆ ಎಂದು ನಂಜನಗೂಡಿನವರು ನೋಡುವುದು ಇದನ್ನೇ. 2018 ಮತ್ತು 2019ರ ಆಗಸ್ಟ್ ತಿಂಗಳಲ್ಲಿ ಮಲ್ಲನಮೂಲೆ ಮಠದ ಬಳಿ ಮೈಸೂರು ಹೆದ್ದಾರಿಯ ಮೇಲೂ ನೀರು ಹರಿದಿತ್ತು. ಬೇಸಿಗೆಯ ಸಣ್ಣ ಹೊಳೆಯನ್ನು ನೋಡುತ್ತ ಆ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಮಕ್ಕಳೊಡನೆ ಹುಡುಕಿದರೆ ಭೂಗೋಳದ ಪಾಠ ತಾನಾಗಿ ಆಗುತ್ತದೆ. ಅಲ್ಲಿಂದ ಹಳೆಯ ಕಲ್ಲಿನ ಸೇತುವೆ ಕಾಣುವ ಜಾಗಕ್ಕೆ ಹೋಗಬೇಕು. 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ ಆ ಸೇತುವೆಯ ಮೇಲೆ ಮುಂದೆ ರೈಲೂ ಓಡಿತು. ಮೀಟರ್ ಗೇಜಿನ ಕಾಲ ಮುಗಿದ ಮೇಲೆ ಅದಕ್ಕೆ ವಿಶ್ರಾಂತಿ. ಕಮಾನುಗಳನ್ನು ಎಣಿಸಲು ಹೇಳಿ. ಒಂದೊಂದು ಮಗು ಒಂದೊಂದು ಲೆಕ್ಕ ಹೇಳುತ್ತದೆ, ಮತ್ತೆ ಎಣಿಸುತ್ತದೆ.

ಬುತ್ತಿಗೆ ಚಿತ್ರಾನ್ನ, ಮೊಸರನ್ನ ಸಾಕು. ಹಣ್ಣು ಬೇಕೆಂದರೆ ನಂಜನಗೂಡು ರಸಬಾಳೆ ಕೇಳಿ ನೋಡಿ. ಭೌಗೋಳಿಕ ಗುರುತು ಪಡೆದ ಈ ಬಾಳೆ ಪನಾಮ ಸೊರಗು ರೋಗದಿಂದ ತುಂಬ ಕಡಿಮೆಯಾಗಿದೆ. ಸಿಕ್ಕರೆ ಮಕ್ಕಳಿಗೆ ಅದರ ರುಚಿ ತೋರಿಸಲೇಬೇಕು.

ಮಕ್ಕಳ ನಡಿಗೆಗೆ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಒಂದೇ ಜಾಗ ಆರಿಸು ಎಂದರೆ ನಾನು ತಲಕಾಡನ್ನು ಆರಿಸುತ್ತೇನೆ. ಗಂಗರ ರಾಜಧಾನಿಯಾಗಿದ್ದ ಊರು ಇಂದು ಮರಳ ದಿಬ್ಬಗಳ ಕೆಳಗಿದೆ. ತಲಕಾಡು ಮರಳಾಗಲಿ ಎಂಬ ಅಲಮೇಲಮ್ಮನ ಶಾಪದ ಕತೆಯನ್ನು ಮಕ್ಕಳಿಗೆ ಹೇಳಿ, ಅದರ ಜೊತೆಗೆ ಭೂವಿಜ್ಞಾನಿಗಳ ವಿವರಣೆಯನ್ನೂ ಹೇಳಿ. ಕಾವೇರಿ ಇಲ್ಲಿ ದೊಡ್ಡದಾಗಿ ಬಳಸಿ ಹರಿಯುತ್ತದೆ. ವಿಜಯನಗರದ ಕಾಲದಲ್ಲಿ ಮಾಧವಮಂತ್ರಿ ಕಟ್ಟೆ ಆದ ಮೇಲೆ ನೀರು ತಗ್ಗಿ, ಪಾತ್ರದ ಮರಳು ಬಯಲಾಯಿತು. ಮುಂಗಾರಿನ ಗಾಳಿ ಆ ಮರಳನ್ನು ವರ್ಷದಿಂದ ವರ್ಷಕ್ಕೆ ಊರ ಮೇಲೆ ತಂದು ಸುರಿಯಿತು. ಗಾಳಿಗೆ ಒಡ್ಡಿದ ಮಗ್ಗುಲು ಯಾವುದು, ಮರಳು ಜಾರಿ ನಿಂತ ಮಗ್ಗುಲು ಯಾವುದು ಎಂದು ದಿಬ್ಬದ ಮೇಲೆ ನಿಂತು ಕೈಯಾರೆ ಮುಟ್ಟಿ ನೋಡಬಹುದು.

ವೈದ್ಯೇಶ್ವರನ ಗುಡಿಯಿಂದ ಹೊರಟು ಪಾತಾಳೇಶ್ವರ, ಮರುಳೇಶ್ವರ, ಕೀರ್ತಿನಾರಾಯಣ ನೋಡಿಕೊಂಡು ಬರುವ ಸುತ್ತು ಮಕ್ಕಳಿಗೆ ಹೇಳಿ ಮಾಡಿಸಿದ್ದು. ಪಾತಾಳೇಶ್ವರನ ಗುಡಿಗೆ ಮರಳಿನ ನಡುವೆ ಕೆಳಗಿಳಿಯಬೇಕು. ನೆಲ ಕೆಳಗಿತ್ತು, ನಾವು ನಿಂತಿರುವುದು ಆಮೇಲೆ ಬಂದ ಮರಳಿನ ಮೇಲೆ ಎಂಬುದು ಆ ಮೆಟ್ಟಿಲುಗಳಲ್ಲೇ ಅರ್ಥವಾಗುತ್ತದೆ. ಕೀರ್ತಿನಾರಾಯಣ ಗುಡಿ ಹೊಯ್ಸಳ ವಿಷ್ಣುವರ್ಧನ ಚೋಳರನ್ನು ಗೆದ್ದ ಮೇಲೆ, 1117ರಲ್ಲಿ ಕಟ್ಟಿಸಿದ್ದು. ದೊಡ್ಡವರು ಬೇಗ ನಡೆದರೆ ಈ ಸುತ್ತು ಬೇಗ ಮುಗಿದುಹೋಗುತ್ತದೆ. ಮಕ್ಕಳಿಗೆ ಎರಡು ಗಂಟೆ ಕೊಡಿ. ಮರಳಿನಲ್ಲಿ ಹೆಜ್ಜೆ ಹೂತು ಕಾಲು ಬೇಗ ಸೋಲುತ್ತದೆ. ಹೊತ್ತೇರಿದ ಮೇಲೆ ಬರಿಗಾಲು ಸುಡುತ್ತದೆ, ಆದ್ದರಿಂದ ಬೆಳಗ್ಗೆ ಬೇಗ ಬರುವುದು ಒಳ್ಳೆಯದು. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಕೆಲವು ವರ್ಷಗಳಿಗೊಮ್ಮೆ ಇಲ್ಲಿ ನಡೆಯುವ ಪಂಚಲಿಂಗ ದರ್ಶನದ ವರ್ಷ ಬಂದರೆ (ಕಳೆದ ಬಾರಿ ಅದು ನಡೆದದ್ದು 2020ರ ಡಿಸೆಂಬರಿನಲ್ಲಿ) ಆ ದಿನಗಳ ಜನಸಂದಣಿಯಲ್ಲಿ ಚಿಕ್ಕ ಮಕ್ಕಳನ್ನು ಕರೆತರುವುದು ಬೇಡ.

ಇಲ್ಲಿ ಎರಡು ಅಪಾಯಗಳ ಬಗ್ಗೆ ಬಿಚ್ಚಿ ಹೇಳಬೇಕು. ಮೊದಲನೆಯದು ನೀರು. ತಲಕಾಡಿನ ಹೊಳೆ ನೋಡಲು ಮೊಣಕಾಲುದ್ದ, ಹೆಜ್ಜೆ ಇಟ್ಟರೆ ಮಡು. ಮರಳಿನ ಪಾತ್ರದಲ್ಲಿ ನಿನ್ನೆ ಇದ್ದ ತಳ ಇಂದು ಇರುವುದಿಲ್ಲ, ಮೇಲಿನ ಅಣೆಕಟ್ಟಿನಿಂದ ಬಿಟ್ಟ ನೀರು ಹೇಳದೆ ಬರುತ್ತದೆ. ಈಜು ಬಲ್ಲ ಹರೆಯದವರೇ ಇಲ್ಲಿ ಜೀವ ಕಳೆದುಕೊಂಡಿದ್ದಾರೆ. ಮಕ್ಕಳು ದಂಡೆಯಲ್ಲಿ ಆಡಲಿ, ನೀರಿಗಿಳಿಯುವುದು ಬೇಡ. ನಾಲೆಯಂತೂ ಹೊಳೆಗಿಂತ ಕೇಡು. ಸಿಮೆಂಟು ಮೆತ್ತಿದ ಇಳಿಜಾರಿನಲ್ಲಿ ಪಾಚಿ ಕಟ್ಟಿರುತ್ತದೆ, ಬಿದ್ದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಏರಿಯ ಮೇಲೆ ನಡೆಯುವಾಗ ಮಗು ಹೊಲದ ಮಗ್ಗುಲಲ್ಲಿರಲಿ, ದೊಡ್ಡವರು ನೀರಿನ ಮಗ್ಗುಲಲ್ಲಿ.

ಎರಡನೆಯದು ಚಿರತೆ. ಕಬ್ಬಿನ ಗದ್ದೆಗಳು ಅದಕ್ಕೆ ಅಡಗುದಾಣ. 2022ರ ಅಕ್ಟೋಬರಿನಿಂದ 2023ರ ಜನವರಿಯವರೆಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ನಾಲ್ವರು ಚಿರತೆಗೆ ಬಲಿಯಾದರು. ಅವರಲ್ಲೊಬ್ಬ ಮುಡುಕುತೊರೆಯ ಮಲ್ಲಿಕಾರ್ಜುನ ಬೆಟ್ಟಕ್ಕೆ ಹೋಗಿದ್ದ ಕಾಲೇಜು ವಿದ್ಯಾರ್ಥಿ, ಇನ್ನೊಬ್ಬ ಶಾಲೆಗೆ ಹೋಗುವ ಹುಡುಗ. ಆ ಮನೆಗಳ ದುಃಖ ಈ ಸೀಮೆಯವರಿಗೆ ಇನ್ನೂ ಹಸಿ. ಮುಡುಕುತೊರೆಯ ಮೆಟ್ಟಿಲು ಸಣ್ಣ ಕಾಲುಗಳೂ ಹತ್ತಬಲ್ಲಷ್ಟೇ ಇವೆ, ಮೇಲಿಂದ ಕಾವೇರಿ ಬಳಸಿ ಹೋಗುವುದು ಸೊಗಸಾಗಿ ಕಾಣುತ್ತದೆ, ಅದನ್ನು ಬಿಡಬೇಕಾಗಿಲ್ಲ. ಹಗಲಲ್ಲೇ, ಗುಂಪಾಗಿ, ಮೆಟ್ಟಿಲ ದಾರಿಯಲ್ಲೇ ಹೋಗಿ ಬರಬೇಕು. ಪೊದೆಗಳ ಕಡೆ ಸರಿಯಬಾರದು, ಮಕ್ಕಳನ್ನು ಮುಂದೆ ಓಡಲು ಬಿಡಬಾರದು. ಯಾವ ನಡಿಗೆಯೇ ಆಗಲಿ, ಸಂಜೆ ಐದರೊಳಗೆ ಕಬ್ಬಿನ ಸಾಲು ದಾಟಿ ಊರು ಸೇರಿರಬೇಕು. ಹೊರಡುವ ಮುನ್ನ ಊರವರನ್ನು ವಿಚಾರಿಸಿ. ಹೆಜ್ಜೆ ಗುರುತು ಕಂಡಿದೆ ಎಂದರೆ ಆ ದಿನ ಬೇರೆ ದಾರಿ.

ತಿ. ನರಸೀಪುರದ ಸಂಗಮದಲ್ಲಿ ಹೆಚ್ಚು ನಡೆಯುವುದಕ್ಕಿಲ್ಲ. ಈ ದಡದ ಗುಂಜಾ ನರಸಿಂಹ, ಆ ದಡದ ತಿರುಮಕೂಡಲಿನ ಅಗಸ್ತ್ಯೇಶ್ವರ, ನಡುವೆ ಸೇರುವ ಎರಡು ಹೊಳೆ. ಕಪಿಲೆಯ ನೀರು ಯಾವುದು, ಕಾವೇರಿಯದು ಯಾವುದು ಎಂದು ಬಣ್ಣ ನೋಡಿ ಹೇಳಲು ಮಕ್ಕಳು ಯತ್ನಿಸಲಿ. ಹಳೆಯದರಲ್ಲಿ ಆಸಕ್ತಿಯಿರುವ ಮಕ್ಕಳಿಗೆ ಇನ್ನೊಂದು ಮಾತು ಹೇಳಬಹುದು: ಎಂ. ಶೇಷಾದ್ರಿಯವರು ಈ ಊರಿನಲ್ಲಿ ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ಜನರ ಸಮಾಧಿಗಳೂ ಉಪಕರಣಗಳೂ ಸಿಕ್ಕಿವೆ. ಕಲ್ಲನ್ನು ಉಜ್ಜಿ ಕೊಡಲಿ ಮಾಡಿಕೊಳ್ಳುತ್ತಿದ್ದವರು ಬಾಳಿದ್ದೂ ಈ ಹೊಳೆಯ ದಂಡೆಯಲ್ಲೇ.

ಮಳೆ ಹಿಡಿದು ಮರಳೂ ಬದುವೂ ಬೇಡವೆನಿಸಿದ ದಿನಕ್ಕೆ ಇದೇ ತಾಲ್ಲೂಕಿನ ಸೋಮನಾಥಪುರವಿದೆ. 13ನೇ ಶತಮಾನದಲ್ಲಿ ದಂಡನಾಯಕ ಸೋಮನಾಥ ಕಟ್ಟಿಸಿದ ಕೇಶವ ದೇವಾಲಯ 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು. ನಕ್ಷತ್ರದಾಕಾರದ ಜಗತಿಯ ಮೇಲೆ ಗೋಡೆಯುದ್ದಕ್ಕೂ ಒಂದು ಸುತ್ತು ಬಂದರೆ ರಾಮಾಯಣ, ಭಾಗವತ, ಮಹಾಭಾರತದ ಕತೆಗಳು ಕಲ್ಲಿನ ಪಟ್ಟಿಕೆಗಳಲ್ಲಿ ಸಾಲಾಗಿ ಸಾಗುತ್ತವೆ. ಕೆಳಗಿನ ಸಾಲಿನ ಆನೆಗಳು ಸಣ್ಣ ಮಕ್ಕಳ ಕಣ್ಣಿನ ಎತ್ತರಕ್ಕೇ ಬರುತ್ತವೆ. ಅವರು ಅಲ್ಲಿಂದಲೇ ಶುರು ಮಾಡಲಿ. ಮೇಲಿನ ಶಿಲ್ಪಗಳ ಕೆಳಗೆ ಮಲ್ಲಿತಮ್ಮ ಮೊದಲಾದ ಶಿಲ್ಪಿಗಳು ಹೆಸರು ಕೆತ್ತಿದ್ದಾರೆ. ಓದಲು ಕಲಿತ ಮಕ್ಕಳಿಗೆ ಆ ಹಳಗನ್ನಡದ ಅಕ್ಷರಗಳಲ್ಲಿ ಗುರುತು ಸಿಗುವ ಒಂದೆರಡನ್ನು ಹುಡುಕಲು ಹೇಳಿ, ಆತುರ ಮಾಡದೆ ಪಕ್ಕದಲ್ಲಿ ನಿಂತುಕೊಳ್ಳಿ.