ಬಳ್ಳಿಗೆ ಕತ್ತಿ ತಾಗಿಸಬಹುದೇ?

ನಮ್ಮ ಕಾಸರಗೋಡು ಸೀಮೆಯ ಅಂಗಳಗಳಲ್ಲಿ ಮಲ್ಲಿಗೆ ಬೆಳೆಸುವವರು ಬಹಳ ಮಂದಿ. ಅದನ್ನು ಸಕಾಲದಲ್ಲಿ ಸವರುವವರು ಕಡಿಮೆ. ಹೂ ಕೊಡುವ ಬಳ್ಳಿಯನ್ನು ಕಡಿಯಲು ಹಿರಿಯರಿಗೆ ಮನಸ್ಸು ಬಾರದು. ನನ್ನ ತಾಯಿಯವರೂ ಹಾಗೆಯೇ. ಅವರು ನೆಟ್ಟ ಮಲ್ಲಿಗೆ ಚಪ್ಪರವನ್ನು ದಾಟಿ ಪಕ್ಕದ ಪೇರಳೆ ಮರವನ್ನೇರಿತ್ತು. ಎಲೆ ಸಮೃದ್ಧ, ಹೂ ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆ. ಹಟ್ಟಿಗೊಬ್ಬರ ಹಾಕಿದಷ್ಟೂ ಎಲೆಯೇ ಹೆಚ್ಚಿತು.

ಒಮ್ಮೆ ಮಾರ್ಚ್ ತಿಂಗಳಲ್ಲಿ, ಅವರು ನೆಂಟರ ಮನೆಗೆ ಹೋಗಿದ್ದಾಗ, ನಾನು ಅದನ್ನು ಸೊಂಟದೆತ್ತರಕ್ಕೆ ಸವರಿಬಿಟ್ಟೆ. ನೆಲಕ್ಕೆ ಬಿದ್ದ ಕುಡಿಗಳ ತುದಿಯಲ್ಲಿ ಅಕ್ಕಿಕಾಳಿನಷ್ಟು ಮೊಗ್ಗುಗಳಿದ್ದುದು ಆಮೇಲೆ ಕಣ್ಣಿಗೆ ಬಿತ್ತು. ಆ ವರ್ಷ ವಿಷುವಿಗೆ ಪೇಟೆಯಿಂದ ಹೂ ತರಬೇಕಾಯಿತು. ತಾಯಿಯವರು ಎರಡು ದಿನ ನನ್ನೊಡನೆ ಮಾತನಾಡಲಿಲ್ಲ. ಕಡಿದದ್ದು ತಪ್ಪಾಗಿರಲಿಲ್ಲ, ಕಡಿದ ಕಾಲ ತಪ್ಪಾಗಿತ್ತು.

ಮಲ್ಲಿಗೆಯ ಮೊಗ್ಗು ಮೂಡುವುದು ಹಳೆಯ ಕಡ್ಡಿಯಲ್ಲಲ್ಲ, ಹೊಸದಾಗಿ ಚಿಗುರಿದ ಕುಡಿಯ ತುದಿಯಲ್ಲಿ. ಆದುದರಿಂದ ಬಳ್ಳಿ ಎಷ್ಟು ಉದ್ದವಿದೆ ಎಂಬುದಕ್ಕಿಂತ ಅದರಲ್ಲಿ ಎಷ್ಟು ಹೊಸ ಕುಡಿಗಳಿವೆ ಎಂಬುದೇ ಮುಖ್ಯ. ಮೇಲಿನ ತರಗತಿಯ ವಿದ್ಯಾರ್ಥಿಗಳು ಆಕ್ಸಿನ್ ಎಂಬ ಹೆಸರನ್ನು ಕೇಳಿರಬಹುದು. ಕುಡಿಯ ತುದಿಯಲ್ಲಿ ಉತ್ಪತ್ತಿಯಾಗುವ ಈ ಹಾರ್ಮೋನು ಕೆಳಗಿಳಿಯುತ್ತಾ ಗೆಣ್ಣುಗಳಲ್ಲಿರುವ ಕಣ್ಣುಗಳು ಚಿಗುರದಂತೆ ತಡೆಯುತ್ತದೆ. ತುದಿಯನ್ನು ಕತ್ತರಿಸಿದರೆ ಆ ತಡೆ ಸಡಿಲವಾಗಿ, ಒಂದು ಕುಡಿಯಿದ್ದಲ್ಲಿ ಎರಡು ಮೂರು ಕುಡಿಗಳು ಹೊರಡುತ್ತವೆ. ನೆಟ್ಟಗೆ ಮೇಲೇರುವ ಬಳ್ಳಿಯನ್ನು ಚಪ್ಪರದ ಮೇಲೆ ಅಡ್ಡಲಾಗಿ ಹರಡಿ ಕಟ್ಟಿದರೂ ಬಹುಮಟ್ಟಿಗೆ ಇದೇ ಪರಿಣಾಮ. ಕತ್ತಿಗೆ ಅಂಜುವವರು ಮೊದಲು ಹೀಗೆ ಮಾಡಿ ನೋಡಬಹುದು.

ತುಲಾ ತಿಂಗಳ ಮಳೆ ಮುಗಿದು, ನವೆಂಬರ ಕೊನೆಯ ವಾರ ಮಲ್ಲಿಗೆಗೆ ಯೋಗ್ಯ ಕಾಲ. ಜಾಜಿಗೆ ಡಿಸೆಂಬರ ಕೊನೆ. ಪೊದೆಯಾಗಿ ಬೆಳೆಸಿದ ಮಲ್ಲಿಗೆಯನ್ನು ನೆಲದಿಂದ ಒಂದೂವರೆ ಅಡಿ ಉಳಿಸಿ ಸವರಬೇಕು. ಚಪ್ಪರಕ್ಕೆ ಹಬ್ಬಿಸಿದ್ದರೆ ಮುಖ್ಯ ಕಾಂಡಗಳನ್ನು ಹಾಗೆಯೇ ಬಿಟ್ಟು, ಪಕ್ಕದ ಕವಲುಗಳಲ್ಲಿ ಎರಡು ಮೂರು ಗೆಣ್ಣುಗಳನ್ನು ಮಾತ್ರ ಉಳಿಸಿದರೆ ಸಾಕು. ಗೆಣ್ಣಿಗಿಂತ ಸ್ವಲ್ಪ ಮೇಲೆ, ಓರೆಯಾಗಿ, ಹರಿತವಾದ ಕತ್ತಿಯಿಂದ ಕತ್ತರಿಸಿರಿ. ಜಜ್ಜಿದ ಗಾಯ ಕೊಳೆಯುತ್ತದೆ. ಒಣಗಿದ, ರೋಗ ತಗಲಿದ ಕಡ್ಡಿಗಳನ್ನು ಬುಡದಿಂದಲೇ ತೆಗೆಯಬೇಕು. ಅನಂತರ ಬುಡ ಬಿಡಿಸಿ ಒಂದು ಬುಟ್ಟಿ ಹಟ್ಟಿಗೊಬ್ಬರ ಕೊಟ್ಟು ನೀರು ಹಾಯಿಸಿರಿ. ಈಗ ಹಾಕಿದ ಗೊಬ್ಬರ ಹೊಸ ಕುಡಿಗಳಿಗೆ ಒದಗುತ್ತದೆ.

ಮಲಯಾಳದಲ್ಲಿ ಕಡಲಾಸುಪೂವು ಎಂದು ನೀವು ಕರೆಯುವ ಕಾಗದದ ಹೂವಿನ ಸ್ವಭಾವವೇ ಬೇರೆ. ಬ್ರೆಜಿಲಿನಿಂದ ಬಂದ ಈ ಬೋಗನ್‌ವಿಲ್ಲಾಕ್ಕೆ ಹೆಸರು ಬಂದದ್ದು ಫ್ರೆಂಚ್ ನಾವಿಕ ಬೂಗನ್‌ವಿಲ್‌ನಿಂದ. ನಾವು ಎಸಳೆಂದು ತಿಳಿಯುವ ಬಣ್ಣದ ಭಾಗವು ಎಲೆಯ ರೂಪಾಂತರ. ನಿಜವಾದ ಹೂ ಅದರೊಳಗಿನ ಸಣ್ಣ ಬಿಳಿ ಕೊಳವೆ. ಇದಕ್ಕೆ ಬಿಸಿಲು ಬೇಕು, ನೀರಿನ ಉಪಚಾರ ಹೆಚ್ಚು ಬೇಡ. ದಿನವೂ ನೀರೆರೆದರೆ ಮುಳ್ಳೂ ಎಲೆಯೂ ಬೆಳೆಯುತ್ತವೆ, ಬಣ್ಣ ಕಾಣದು. ಒಂದು ಸುತ್ತು ಹೂ ಮುಗಿದ ಕೂಡಲೇ ಉದ್ದ ಕುಡಿಗಳನ್ನು ಮೊಟಕು ಮಾಡಿರಿ. ಮಕ್ಕಳು ಮಾತ್ರ ಇದಕ್ಕೆ ಕೈಹಾಕದಿರಲಿ.

ಸಂಜೆ ಬಿಳಿಯಾಗಿ ಅರಳಿ, ಮರುದಿನ ಗುಲಾಬಿಯಾಗಿ, ಕೊನೆಗೆ ಕೆಂಪಾಗುವ ರಂಗೂನ್ ಬಳ್ಳಿಯನ್ನು ಎಲ್ಲರೂ ಕಂಡಿದ್ದೀರಿ. ಇದರ ಹಳೆಯ ಶಾಸ್ತ್ರೀಯ ನಾಮ ಕ್ವಿಸ್ಕ್ವಾಲಿಸ್, ಲ್ಯಾಟಿನಿನಲ್ಲಿ ‘ಯಾರು? ಎಂಥದು?’ ಎಂದರ್ಥ. ಬಣ್ಣ ಬದಲಿಸುವ ಬಳ್ಳಿಗೆ ತಕ್ಕ ಹೆಸರೇ! ಹಂಚಿನ ಮಾಡಿನ ಹತ್ತಿರ ಇದನ್ನು ನೆಡಬೇಡಿರಿ. ಕುಡಿಗಳು ಹಂಚಿನ ಸಂದಿಯಲ್ಲಿ ನುಗ್ಗಿ ಹಂಚನ್ನು ಎತ್ತುತ್ತವೆ. ಆಟಿ ತಿಂಗಳ ಮಳೆಯಲ್ಲಿ ಸೋರಿದಾಗಲೇ ಅದು ತಿಳಿಯುವುದು. ಇದೂ ಹೊಸ ಕುಡಿಯಲ್ಲೇ ಹೂಬಿಡುವುದರಿಂದ ಹೂ ಮುಗಿದ ಮೇಲೆ ಧಾರಾಳವಾಗಿ ಸವರಬಹುದು.

ನಮ್ಮ ಮನೆಯ ಮಲ್ಲಿಗೆಯನ್ನು ಮರುವರ್ಷ ನವೆಂಬರದಲ್ಲಿ ಸವರಿದೆವು. ಕತ್ತಿ ಹಿಡಿದದ್ದು ನಾನು, ಎಲ್ಲಿ ಕಡಿಯಬೇಕೆಂದು ಬೆರಳಿಟ್ಟು ತೋರಿಸಿದವರು ತಾಯಿಯವರು. ಕಡಿದ ಕಡ್ಡಿಗಳಲ್ಲಿ ಪೆನ್ಸಿಲಿನಷ್ಟು ದಪ್ಪವಾದವುಗಳನ್ನು ಅವರೇ ಆರಿಸಿ, ಗೇಣುದ್ದಕ್ಕೆ ತುಂಡುಮಾಡಿ, ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ನೆರಳಿನಲ್ಲಿ ಊರಿದರು. ಅವುಗಳಲ್ಲಿ ಆರು ಬೇರುಬಿಟ್ಟವು. ಎರಡು ಗಿಡಗಳು ಈಗ ನಮ್ಮ ಶಾಲೆಯ ಬಾವಿಕಟ್ಟೆಯ ಬಳಿ ಇವೆ. ಅಲ್ಲಿ ಇನ್ನೂ ನಾಲ್ಕಕ್ಕೆ ಜಾಗ ಉಂಟು.